ಸ್ಟೋರಿನೊಳಗಿನ ಘಾಟಿ

"ವಯಸ್ಸಾಯ್ತು" ಎನ್ನುವುದು ವಾದವಲ್ಲ. ವಾದ ಸಾಕಾದಾಗ ಜನ ಎತ್ತಿಕೊಳ್ಳುವ ಮಾತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಕಲಿತದ್ದು ಇಂಥ ಮಾತುಗಳನ್ನು ದೂರದಿಂದಲೇ ಗುರುತಿಸುವುದನ್ನು. ಹಾಗಾಗಿ ಹೋದ ವರ್ಷ ಗೌರಿಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ತಮ್ಮ ರೈಲು ಎಂಜಿನ್ನನ್ನು ಅಂಗೈ ಮೇಲೆ ಮಲಗಿಸಿಕೊಂಡು "ಇದಕ್ಕೆ ವಯಸ್ಸಾಯ್ತು ಕಣೇ" ಎಂದಾಗ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು.

ಎಂಜಿನ್ ಎಂದರೆ ಅಂಗೈ ಅಗಲದ ಆಟಿಕೆ. ಕಪ್ಪು ಲೋಹದ ಮೈ, ಕೆಂಪು ಚಕ್ರ, ಒಳಗೆ ವಿದ್ಯುತ್ ಮೋಟಾರು. ದೊಡ್ಡಪ್ಪ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವರು. ಆ ಎಸ್ಟೇಟು ಕೈ ಬದಲಾದಾಗ ಬಂಗಲೆಯ ಅಟ್ಟದಲ್ಲಿ ಬಿದ್ದಿದ್ದ ಈ ಎಂಜಿನ್, ಒಂದಿಷ್ಟು ಬೋಗಿ, ಒಂದು ಮೂಟೆ ಹಳಿ, ಎಲ್ಲವನ್ನೂ ಹಳೆಯ ಧಣಿಗಳು ಅವರಿಗೆ ಕೊಟ್ಟು ಹೋದರಂತೆ. ಧಣಿಗಳ ಮಕ್ಕಳು ಅದನ್ನು ಮೇಜಿನ ಮೇಲೆ ಸುತ್ತು ಹಾಕಿಸಿ ಆಡಿದ್ದರು. ದೊಡ್ಡಪ್ಪ ಆಡಲಿಲ್ಲ. ಕೆ. ಹೊಸಕೋಟೆಯ ಹತ್ತಿರದ ತಮ್ಮ ಸಣ್ಣ ತೋಟದ ಕಾಫಿ ಸ್ಟೋರಿನೊಳಗೆ ಅವರು ಘಾಟಿ ಕಟ್ಟಿದರು.

ಒಣಗಿದ ಕಾಫಿ ತುಂಬಿಡುವ ಸ್ಟೋರು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಖಾಲಿ. ಕಾಫಿ ಮಾರಾಟವಾಗಿ ಹೋದ ಮೇಲೆ ದೊಡ್ಡಪ್ಪ ಅಟ್ಟದಿಂದ ಹಲಗೆಗಳನ್ನು ಇಳಿಸಿ, ಮೂರು ಗೋಡೆಗಳ ಉದ್ದಕ್ಕೂ ಮರದ ಕಾಲುಗಳ ಮೇಲೆ ಏರುತ್ತ ಹೋಗುವ ದಾರಿಯೊಂದನ್ನು ಜೋಡಿಸುತ್ತಿದ್ದರು. ಸುಣ್ಣದಲ್ಲಿ ಅದ್ದಿದ ಗೋಣಿತಾಟಿನ ಬೆಟ್ಟ, ಪೈಪಿನ ತುಂಡುಗಳ ಸುರಂಗ. ಬಾಗಿಲ ಬಳಿಯ ಕೆಳಗಿನ ನಿಲ್ದಾಣ ಸುಬ್ರಹ್ಮಣ್ಯ ರಸ್ತೆ. ಎದುರು ಮೂಲೆಯ ಎತ್ತರದಲ್ಲಿ ಸಕಲೇಶಪುರ. ನಡುವೆ ತಿರುವಿನಲ್ಲಿ ಯಡಕುಮರಿ. ಏರು ಐವತ್ತಡಿಗೆ ಒಂದಡಿ, ನಿಜವಾದ ಘಾಟಿಯಲ್ಲಿ ಇರುವಷ್ಟೇ. ನೀರು ತುಂಬಿದ ಕೊಳವೆ ಹಿಡಿದು ಮಟ್ಟ ನೋಡಿ ಇಟ್ಟದ್ದು. ಕೊಯ್ಲು ಹತ್ತಿರ ಬಂದಾಗ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೆ ಏರಿಸಬೇಕು, ಮತ್ತೆ ಬೇಸಿಗೆ ಕಳೆಯುವಾಗ ಕಟ್ಟಬೇಕು. ಕಾಫಿ ಒಳಗೆ ಬಂದರೆ ರೈಲು ಹೊರಗೆ, ಕಾಫಿ ಹೊರಗೆ ಹೋದರೆ ರೈಲು ಒಳಗೆ.

ಈಗ ಆ ಎಂಜಿನ್ ಘಾಟಿ ಹತ್ತುತ್ತಿರಲಿಲ್ಲ. ನಾಲ್ಕು ಬೋಗಿ ಕಟ್ಟಿದರೆ ಯಡಕುಮರಿ ತಿರುವಿನಲ್ಲಿ ಏದುಸಿರು ಬಿಟ್ಟಂತೆ ಗುಂಯ್ ಎಂದು ನಿಲ್ಲುತ್ತಿತ್ತು. ಮೈ ಮುಟ್ಟಿದರೆ ಬಿಸಿ. ಎರಡು ಬೋಗಿ ಕಳಚಿದರೆ ಇನ್ನೂ ಒಂದು ಗೇಣು ಹೋಗಿ ನಿಲ್ಲುತ್ತಿತ್ತು.

"ಹಂಗಾದ್ರೆ ಏರು ಕಮ್ಮಿ ಮಾಡಿ" ಎಂದೆ. ಅದು ಸಲೀಸಾದ ಉಪಾಯ ಎಂದುಕೊಂಡಿದ್ದೆ.

"ಕಮ್ಮಿ ಮಾಡಿದ್ರೆ ಅದು ಘಾಟಿ ಆಗಕ್ಕಿಲ್ಲ" ಎಂದರು ದೊಡ್ಡಪ್ಪ. "ಬಯಲಲ್ಲಿ ಸುತ್ತು ಹಾಕ್ಸಕ್ಕೆ ಇಷ್ಟು ವರ್ಷ ಬೇಕಿತ್ತಾ? ಅದನ್ನ ಧಣಿಗಳ ಮಕ್ಳು ಆಗ್ಲೇ ಮಾಡಿದ್ರು. ಆಯುಧಪೂಜೆ ಆಗ್ಲಿ, ಎಲ್ಲಾ ಬಿಚ್ಚಾಕ್ತೀನಿ. ಈ ಸಲ ಅಟ್ಟಕ್ಕೆ ಹಾಕಲ್ಲ. ಹಲಗೇಲಿ ಮೆಣಸು ಒಣಗ್ಸೋ ತಟ್ಟೆ ಮಾಡಿಸ್ತೀನಿ, ನಿಮ್ಮ ದೊಡ್ಡಮ್ಮ ಯಾವಾಗಿಂದ್ಲೂ ಕೇಳ್ತಾವ್ಳೆ."

ದೊಡ್ಡಮ್ಮ ಬಾಗಿಲಲ್ಲಿ ನಿಂತು ಕಾಫಿ ಲೋಟ ಹಿಡಿದಿದ್ದರು. "ನಾನು ತಟ್ಟೆ ಕೇಳಿದ್ದು ಹೌದು. ನಿನ್ನ ಬೆಟ್ಟ ಕಿತ್ತು ಮಾಡ್ಕೊಡು ಅಂತ ಯಾವತ್ತು ಕೇಳಿದ್ದೆ?" ಎಂದು ಲೋಟವನ್ನು ಸುಬ್ರಹ್ಮಣ್ಯ ರಸ್ತೆಯ ಪ್ಲಾಟ್‌ಫಾರಂ ಮೇಲಿಟ್ಟು ಹೋದರು.

ನಿವೃತ್ತಿಯಾದ ಮೇಲೆ ದೊಡ್ಡಪ್ಪ ಊರಲ್ಲಿ ಕಟ್ಟೆ ಮೇಲೆ ಕೂತು ರಾಜಕೀಯ ಮಾತಾಡಿದವರಲ್ಲ. ಭಾನುವಾರ ನಾಲ್ಕು ಜನ ಸ್ಟೋರಿಗೆ ಬರುತ್ತಿದ್ದರು. ಗೋಣಿಚೀಲ ಹಾಸಿ ಕೂತು ರೈಲು ಹತ್ತುವುದನ್ನು ನೋಡುತ್ತಿದ್ದರು. ಆ ಎರಡು ನಿಮಿಷ ಯಾರೂ ಮಾತಾಡುತ್ತಿರಲಿಲ್ಲ ಎಂಬುದೇ ನಮ್ಮ ಕಡೆ ಒಂದು ಅಚ್ಚರಿ. ಎಂಜಿನ್ ನಿಲ್ಲತೊಡಗಿದ ಮೇಲೆ ಬರುವವರು ಕಡಿಮೆಯಾದರು. ಕೊನೆಗೆ ಉಳಿದದ್ದು ಪಕ್ಕದ ತೋಟದವರು ಒಬ್ಬರೇ. ದೊಡ್ಡಪ್ಪನ ಓರಗೆಯವರು, ನೆಲ ಉಳುವ ಪವರ್ ಟಿಲ್ಲರಿನ ಮಾಲೀಕರು, ಕುಚೋದ್ಯವೇ ಅವರ ಸ್ನೇಹದ ಭಾಷೆ. ಅಂದು ಬಂದವರೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಏನ್ ಮಾರಾಯ, ಇನ್ನೂ ಯಡಕುಮರೀಲೇ ಕೂತೈತಾ ನಿನ್ ರೈಲು? ಪ್ಯಾಸೆಂಜರೆಲ್ಲ ಇಳ್ದು ನಡ್ಕೊಂಡು ಮನೆ ಸೇರ್ಬುಟ್ರು ಕಣೋ!"

"ವಯಸ್ಸಾಯ್ತು ಕಣೋ ಅದಕ್ಕೆ."

"ಅದಕ್ಕೋ, ನಿನಗೋ?"

ದೊಡ್ಡಪ್ಪ ನಕ್ಕರು. ಆದರೆ ಕೈಯಲ್ಲಿದ್ದ ಎಂಜಿನ್ನನ್ನು ಮಗ್ಗುಲು ಬದಲಿಸಿ ಇನ್ನೊಮ್ಮೆ ನೋಡಿದರು. ಆ ನೋಟ ನನಗೆ ಇಷ್ಟವಾಗಲಿಲ್ಲ. ಲೋಹಕ್ಕೆ ವಯಸ್ಸಾಗುವುದಿಲ್ಲ. ತುಕ್ಕು ಹಿಡಿಯುತ್ತದೆ, ಸವೆಯುತ್ತದೆ, ಬಿರುಕು ಬಿಡುತ್ತದೆ. ಪ್ರತಿಯೊಂದಕ್ಕೂ ಹೆಸರಿದೆ, ಕಾರಣವಿದೆ. ಹೆಸರಿಲ್ಲದ ಮುಪ್ಪೊಂದನ್ನು ದೊಡ್ಡಪ್ಪ ಎಂಜಿನ್ನಿಗೆ ಅಂಟಿಸಿ, ಅದೇ ಅಂಟನ್ನು ತಮಗೂ ಸವರಿಕೊಳ್ಳುತ್ತಿದ್ದರು. ನಾನು ವಾದಕ್ಕೆ ನಿಂತೆ. ಚಕ್ರ ಸವೆದಿಲ್ಲ, ಹಳಿ ಹೊಳೆಯುತ್ತಿದೆ, ಮೋಟಾರಿಗೆ ಕರೆಂಟು ಮುಟ್ಟಿಸುವ ಬ್ರಷ್ಷು ಹೊಸದು, ಹಾಗಾದರೆ ಏನು?

"ನೀನೇ ನೋಡು" ಎಂದು ದೊಡ್ಡಪ್ಪ ಎಂಜಿನ್ನನ್ನು ಸಪಾಟಾದ ಹಳಿಯ ಮೇಲಿಟ್ಟು ಬೋಗಿಗಳಿಲ್ಲದೆ ಬಿಟ್ಟರು. ಅದು ಕಿತ್ತುಕೊಂಡು ಓಡಿತು. "ಬಯಲಲ್ಲಿ ಮೊದ್ಲಿಗಿಂತ ಜೋರಾಗೇ ಓಡ್ತೈತೆ. ಮೋಟಾರು ಚೆನ್ನಾಗೇ ಐತೆ. ಹತ್ತೋ ತ್ರಾಣ ಇಲ್ಲ, ಅಷ್ಟೇ. ನಮ್ಮಂಗೇ."

ಅವರ ಮಾತಿನಲ್ಲಿ ಒಂದು ಪದ ಸರಿಯಾದ ಜಾಗದಲ್ಲಿ ಕೂರಲಿಲ್ಲ. ಸುಸ್ತಾದದ್ದು ಎಲ್ಲ ಕಡೆಯೂ ಸುಸ್ತಾಗಿರಬೇಕು. ಮೊದಲಿಗಿಂತ *ಜೋರಾಗಿ* ಓಡುವ ಮುದುಕ ಯಾರು?

ಹಾಸನಕ್ಕೆ ವಾಪಸು ಹೋಗುವ ಬಸ್ಸಿನಲ್ಲಿ ಫೋನು ಹಿಡಿದು ಹುಡುಕಿದೆ. ನಾನು ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವವಳು; ಮೋಟಾರಿನ ಬಗ್ಗೆ ನನಗೆ ಹೈಸ್ಕೂಲಿನ ಚಿತ್ರಗಳಷ್ಟೇ ಗೊತ್ತು. ಆದರೆ ಸಾಕ್ಷಿ ಯಾವುದು, ಹರಟೆ ಯಾವುದು ಎಂದು ಬೇರ್ಪಡಿಸುವುದು ಗೊತ್ತು. ಹಳೆಯ ಆಟಿಕೆ ರೈಲುಗಳ ಹುಚ್ಚರು ಜಗತ್ತಿನ ತುಂಬ ಇದ್ದಾರೆ. ಅವರಲ್ಲಿ ಅರ್ಧ ಜನ ಮೋಟಾರಿನೊಳಗಿನ ಅಯಸ್ಕಾಂತದ ಶಕ್ತಿ ವರ್ಷ ಕಳೆದಂತೆ ತಾನಾಗಿ ಸೋರಿಹೋಗುತ್ತದೆ ಎನ್ನುತ್ತಾರೆ. ಉಳಿದರ್ಧ ಅದು ಶುದ್ಧ ಸುಳ್ಳು ಎನ್ನುತ್ತಾರೆ. ಇಬ್ಬರೂ ಒಪ್ಪುವ ಮಾತು ಎರಡೇ. ಒಂದು, ಕಾಂತ ದುರ್ಬಲವಾದ ಮೋಟಾರು ಭಾರವಿಲ್ಲದಾಗ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಭಾರ ಬಿದ್ದಾಗ ಬಿಸಿಯಾಗಿ ಕೈಬಿಡುತ್ತದೆ. ಎರಡು, ಅಂಥ ಹಳೆಯ ಕಾಂತದ ಎರಡು ತುದಿಗಳ ನಡುವೆ ಸದಾ ಕಬ್ಬಿಣ ಇರಬೇಕು. ಮೋಟಾರಿನಲ್ಲಿ ತಂತಿ ಸುತ್ತಿಕೊಂಡು ತಿರುಗುವ ಉಂಡೆ ಇದೆಯಲ್ಲ, ಅದೇ ಆ ಕಬ್ಬಿಣ. ಉಂಡೆಯನ್ನು ಹೊರಗೆ ತೆಗೆದರೆ ಕಾಂತ ತನ್ನ ಬಲದ ಒಂದು ಪಾಲನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಮತ್ತೆ ಒಳಗೆ ಕೂರಿಸಿದರೂ ಹೋದದ್ದು ಬರುವುದಿಲ್ಲ.

ಮುಂದಿನ ಭಾನುವಾರ ಬಾಗಿಲಲ್ಲೇ ಕೇಳಿದೆ. "ದೊಡ್ಡಪ್ಪ, ಮೋಟಾರು ಯಾವತ್ತಾದರೂ ಪೂರ್ತಿ ಬಿಚ್ಚಿದ್ದಿರಾ?"

"ಎರಡು ವರ್ಷದ ಹಿಂದೆ ಆಯುಧಪೂಜೇಲಿ" ಎಂದರು, ಹೆಮ್ಮೆಯಿಂದಲೇ.

ಆಯುಧಪೂಜೆ ಎಂದರೆ ನಮ್ಮ ಕಡೆ ಕಬ್ಬಿಣವೆಲ್ಲ ಸ್ನಾನ ಮಾಡುವ ದಿನ. ಕಸಿಗತ್ತಿ, ಗುದ್ದಲಿ, ಮದ್ದು ಹೊಡೆಯುವ ಪಂಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಜೀಪು, ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಬಳಿದು ಸಾಲಾಗಿ ಇಡುತ್ತಾರೆ. ಅದುವರೆಗೆ ಎಂಜಿನ್ನನ್ನು ಹೊರಗಿನಿಂದ ಒರೆಸಿ ಇಡುತ್ತಿದ್ದರಂತೆ. ಆ ವರ್ಷ ಪಕ್ಕದ ತೋಟದವರು ತಮ್ಮ ಟಿಲ್ಲರನ್ನು ನಟ್ಟು ಬೋಲ್ಟು ಸಮೇತ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಂದು ನೋಡು ಎಂದು ಕರೆದು ತೋರಿಸಿ, "ಮೇಲಿಂದ ಒರೆಸಿದ್ರೆ ಪೂಜೆ ಏನೋ ಅದು? ನಿಂದು ಬರೀ ಪೌಡರ್ ಹಾಕಿದಂಗೆ" ಎಂದಿದ್ದರು. ದೊಡ್ಡಪ್ಪ ಬಂದು ಎಂಜಿನ್ನನ್ನು ಪೂರ್ತಿ ಬಿಚ್ಚಿದರು. ಬಾಳೆ ಎಲೆಯ ಮೇಲೆ ಚಕ್ರ ಬೇರೆ, ಉಂಡೆ ಬೇರೆ, ಕಾಂತ ಬೇರೆ. ಪ್ರತಿಯೊಂದಕ್ಕೂ ಪುಟ್ಟ ಮೂರು ಗೆರೆ ವಿಭೂತಿ. ಅದೇ ಸ್ಥಿತಿಯಲ್ಲಿ, ಒಂದೊಂದನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಯ್ಲು ಮುಗಿಯುವವರೆಗೆ ಬಿಸ್ಕತ್ತಿನ ಡಬ್ಬದಲ್ಲಿಟ್ಟರು. ಬೇಸಿಗೆಯಲ್ಲಿ ಜೋಡಿಸಿದಾಗ ಎಂಜಿನ್ ಸೊರಗಿತ್ತು. ಧೂಳು ಇನ್ನೂ ಇರಬೇಕೆಂದು ಮರುವರ್ಷ ಇನ್ನೂ ಚೆನ್ನಾಗಿ ಬಿಚ್ಚಿ ತೊಳೆದರು.

ಇದನ್ನು ಕೇಳಿದಾಗ ನನ್ನೊಳಗೆ ಎದ್ದದ್ದನ್ನು ಮುಚ್ಚಿಡುವುದಿಲ್ಲ. ಅದು ಗೆಲುವಿನ ವಾಸನೆ. ಪೂಜೆಯ ಬಗ್ಗೆ ನನಗೂ ದೊಡ್ಡಪ್ಪನಿಗೂ ಹಳೆಯ ಜಗಳ. ನಾನು ನಂಬುವುದಿಲ್ಲ, ಅವರು ಬಿಡುವುದಿಲ್ಲ. ಈಗ ಸಾಕ್ಷಿ ಸಮೇತ ಸಿಕ್ಕಿದ್ದರು. ನೋಡಿ, ನಿಮ್ಮ ಪೂಜೆಯೇ ನಿಮ್ಮ ಘಾಟಿಯನ್ನು ಕೆಡವಿತು! ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದರಲ್ಲಿ ಒಂದು ತೂತಿತ್ತು. ಕಾಂತವನ್ನು ಕೆಡಿಸಿದ್ದು ವಿಭೂತಿಯಲ್ಲ, ಮಂತ್ರವಲ್ಲ, ಬಿಚ್ಚಿದ್ದು. ಇದೇ ಕೆಲಸವನ್ನು ನಾಸ್ತಿಕನೊಬ್ಬ ಬರೀ ಶುಚಿಗಾಗಿ ಮಾಡಿದ್ದರೂ ಫಲ ಒಂದೇ. ಚರ್ಚೆಯಲ್ಲಾದರೆ ಎದುರಾಳಿ ಈ ತೂತನ್ನು ನೋಡುವ ಮೊದಲೇ ಗಂಟೆ ಹೊಡೆಯುತ್ತದೆ. ಇಲ್ಲಿ ಗಂಟೆ ಇರಲಿಲ್ಲ. ದೊಡ್ಡಪ್ಪ ನನ್ನ ಮುಖ ನೋಡುತ್ತ ಕಾಯುತ್ತಿದ್ದರು.

"ಬಿಚ್ಚಬಾರದಿತ್ತು, ಅಷ್ಟೇ. ವಯಸ್ಸಲ್ಲ" ಎಂದೆ. "ಕಾಂತಕ್ಕೆ ಮತ್ತೆ ಬಲ ತುಂಬಬಹುದು. ಅದಕ್ಕೊಂದು ಯಂತ್ರ ಬೇಕು. ನಾವೇ ಮಾಡಬಹುದಂತೆ."

"ಅಂತೆ" ಎಂದರು ದೊಡ್ಡಪ್ಪ. "ನೀನು ಅಂತೆ-ಕಂತೆ ನಂಬೋಳಲ್ಲವಲ್ಲ?"

ಅದು ನ್ಯಾಯವಾದ ಏಟು. ಹಾಗಾಗಿ ಮೊದಲು ಪರೀಕ್ಷೆ. ಕಾಂತದ ಬಲ ಅಳೆಯಲು ಮೋಟಾರು ಬಿಚ್ಚುವಂತಿಲ್ಲ, ಬಿಚ್ಚಿದರೆ ಇನ್ನಷ್ಟು ಕೆಡಬಹುದು. ಎಂಜಿನ್ನಿನ ಮೇಲಿನ ಕವಚವನ್ನಷ್ಟೇ ಕಳಚಿ ಇಡಿಯ ಮೋಟಾರನ್ನು ಹೊರಗಿಟ್ಟೆವು. ದೊಡ್ಡಮ್ಮ ಗೋಣಿಚೀಲ ಹೊಲಿಯುವ ದಬ್ಬಳ ತಂದುಕೊಟ್ಟರು. ಕಾಂತದ ಮಗ್ಗುಲಿಗೆ ದಬ್ಬಳ ಅಂಟಿಸಿದರೆ ಒಂದು ಕ್ಷಣ ಯೋಚಿಸಿ ಕೆಳಗೆ ಬಿತ್ತು. ಮತ್ತೆ ಅಂಟಿಸಿದರೆ ಮತ್ತೆ ಬಿತ್ತು. ಇದು ನಮ್ಮ ಮೊದಲ ದಾಖಲೆ.

ಯಂತ್ರದ ತತ್ವ ಸರಳ. ಮೆದುಕಬ್ಬಿಣದ ಎರಡು ಕಂಬ, ಬುಡದಲ್ಲಿ ಒಂದು ಅಡ್ಡಪಟ್ಟಿ. ಕಂಬಗಳಿಗೆ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಬೇಕು. ಮೋಟಾರಿನ ಕಾಂತವನ್ನು ಆ ಎರಡು ಕಂಬಗಳ ತುದಿಗಳ ನಡುವೆ ಬಿಗಿಯಾಗಿ ಹಿಡಿದು, ಬ್ಯಾಟರಿಯಿಂದ ದೊಡ್ಡ ಕರೆಂಟನ್ನು ಒಂದೇ ಕ್ಷಣ ಹರಿಸಬೇಕು. ಆ ಕ್ಷಣದಲ್ಲಿ ಕಂಬಗಳು ಬಲವಾದ ಕಾಂತಗಳಾಗಿ, ನಡುವಿನದಕ್ಕೆ ತಮ್ಮ ಬಲವನ್ನು ಒತ್ತುತ್ತವೆ. ಹೆಚ್ಚು ಹೊತ್ತು ಹರಿಸಿದರೆ ತಂತಿ ಸುಟ್ಟುಹೋಗುತ್ತದೆ.

ಕಂಬಕ್ಕೆ ಹಳೆಯ ಗೇಟಿನ ಸರಳು ಸಿಕ್ಕಿತು. ಆಲೂರಿನಲ್ಲಿ ಪಂಪ್‌ಸೆಟ್ಟು ಮೋಟಾರಿಗೆ ತಂತಿ ಸುತ್ತುವ ಅಂಗಡಿಯವರು ನಮ್ಮ ಯೋಜನೆ ಕೇಳಿ, "ಅಷ್ಟ್ ಸಣ್ಣ ಮೋಟಾರಿಗೆ ಇಷ್ಟ್ ದೊಡ್ಡ ರಾಮಾಯಣ ಯಾಕ್ರೀ? ಹೊಸದು ತರಿಸ್ಕೊಳ್ಳಿ" ಎಂದರು. ಆ ಎಂಜಿನ್ನಿಗೆ ಹೊಂದುವ ಮೋಟಾರು ಈಗ ಎಲ್ಲೂ ಸಿಗುವುದಿಲ್ಲ ಎಂದೆ. "ಹಂಗಾದ್ರೆ ಎಂಜಿನ್ನೇ ಹೊಸದು ತರಿಸ್ಕೊಳ್ಳಿ" ಎಂದರು. ಅವರ ತರ್ಕದಲ್ಲಿ ಲೋಪವಿರಲಿಲ್ಲ. ನಮ್ಮ ಕೆಲಸಕ್ಕೆ ಬರುತ್ತಿರಲಿಲ್ಲ ಅಷ್ಟೇ. ಕೊನೆಗೆ ದಪ್ಪ ತಂತಿಯ ಸುರುಳಿಯೊಂದನ್ನು ಕೊಟ್ಟರು.

ಸುತ್ತುವ ಕೆಲಸ ಕೈಯಲ್ಲಿ ಆಗದು. ತಂತಿ ಬಿಗಿಯಾಗಿ, ಒಂದರ ಪಕ್ಕ ಒಂದು ಕೂರಬೇಕು. ಅರ್ಧ ದಿನ ಒದ್ದಾಡಿದ ಮೇಲೆ ದೊಡ್ಡಪ್ಪ ಎದ್ದು ಮೂಲೆಯಲ್ಲಿದ್ದ ಕೈ ಪಲ್ಪರನ್ನು ಎಳೆದು ತಂದರು. ಅದರ ದೊಡ್ಡ ಚಕ್ರ ತಿರುಗಿಸಿದರೆ ಒಳಗಿನ ಉರುಳೆ ತಿರುಗಿ ಹಣ್ಣಿನ ಸಿಪ್ಪೆ ಬಿಡಿಸುತ್ತದೆ. ಉರುಳೆಯ ತುದಿಗೆ ಸರಳನ್ನು ಕಟ್ಟಿದೆವು. ದೊಡ್ಡಮ್ಮ ಹಿಡಿ ತಿರುಗಿಸಬೇಕು, ದೊಡ್ಡಪ್ಪ ತಂತಿ ಹಿಡಿಯಬೇಕು, ನಾನು ಸುತ್ತು ಎಣಿಸಬೇಕು. ಎರಡೂ ಕಂಬಕ್ಕೆ ಸುತ್ತು ಸಮನಾಗಿರಲಿ ಎಂದು ನನ್ನ ಹಟ.

ಪಕ್ಕದ ತೋಟದವರು ಬಂದದ್ದು ಸರಿಯಾಗಿ ಆಗ.

"ಏನಮ್ಮ ಲಾಯರಮ್ಮ, ಈ ವರ್ಷ ತಾಮ್ರದ ಫಸಲು ಚೆನ್ನಾಗೈತಾ?"

ನಾನು ಮಾತಾಡಲಿಲ್ಲ, ಎಣಿಕೆ ತುಟಿಯಲ್ಲಿತ್ತು.

"ಮಾತಾಡಲ್ವಾ? ವಾದ ಮಾಡೋ ಹುಡುಗಿ ಮೌನವ್ರತ ಹಿಡಿದ್ಬುಟ್ಲು! ಏನೋ, ಏನ್ ಮದ್ದು ಹಾಕಿದ್ಯೋ ಇವಳಿಗೆ? ನಮ್ಮನೆ ಸೊಸೇಗೂ ಒಂಚೂರು ಕೊಡು ಮಾರಾಯ."

ದೊಡ್ಡಮ್ಮ ನಗು ತಡೆಯಲಾರದೆ ಹಿಡಿ ಬಿಟ್ಟರು. ಉರುಳೆ ಹಿಂದಕ್ಕೆ ತಿರುಗಿ ತಂತಿ ಸಡಿಲವಾಗಿ ಗುಂಗುರಾಯಿತು. ನನ್ನ ಎಣಿಕೆ ಎಲ್ಲಿಗೋ ಹೋಯಿತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಈ ಸಲ ದಂಡವಾಗಿ ಹಿಡಿ ತಿರುಗಿಸುವ ಕೆಲಸ ಪಕ್ಕದ ತೋಟದವರದು. ಬೆವರು ಒರೆಸಿಕೊಳ್ಳುತ್ತ, "ಇದರಾಗೆ ಕಾಫಿನಾದ್ರೂ ಸುಲಿದಿದ್ರೆ ಒಂದು ಮೂಟೆ ಆಗಿರೋದು" ಎಂದು ಗೊಣಗಿದರೂ ಬಿಡಲಿಲ್ಲ. ಟಿಲ್ಲರು ಬಿಚ್ಚಿ ತೋರಿಸಿದ್ದರ ಕತೆ ಅವರಿಗೂ ನೆನಪಿತ್ತು ಎಂದು ನನ್ನ ಅನುಮಾನ. ಕೇಳಲಿಲ್ಲ. ತಮ್ಮ ಟಿಲ್ಲರಿನ ಬ್ಯಾಟರಿಯನ್ನು ತಾವೇ ಹೊತ್ತು ತಂದುಕೊಟ್ಟರು. ಜೀಪಿನ ಬ್ಯಾಟರಿಯ ಜೊತೆ ಅದನ್ನೂ ಸೇರಿಸಿದೆವು. ಸ್ವಿಚ್ಚಿಗೆ ಗುಜರಿ ಜೀಪೊಂದರ ಸ್ಟಾರ್ಟರಿನ ಭಾಗ.

ಆಯುಧಪೂಜೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಇದು ಆಗದಿದ್ದರೆ ಇನ್ನೊಂದು ಭಾನುವಾರ ಇರಲಿಲ್ಲ. ಹಲಗೆ ಕೊಯ್ಯುವ ಬಡಗಿಗೆ ದೊಡ್ಡಪ್ಪ ಆಗಲೇ ಹೇಳಿಯಾಗಿತ್ತು. ಮೋಟಾರಿನ ಕಾಂತದ ಉತ್ತರ ಯಾವ ಕಡೆ, ದಕ್ಷಿಣ ಯಾವ ಕಡೆ ಎಂದು ಆಟದ ದಿಕ್ಸೂಚಿ ಇಟ್ಟು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹಳೆಯ ದಿಕ್ಕಿನಲ್ಲೇ ಬಲ ತುಂಬಬೇಕು ಎಂಬುದು ಯೋಜನೆ. ಅಷ್ಟರಲ್ಲಿ ದೊಡ್ಡಮ್ಮ ಅಕ್ಕಿರೊಟ್ಟಿ ತಂದರು. ತಿಂದು ಬಂದು ಮೋಟಾರನ್ನು ಕಂಬಗಳ ನಡುವೆ ಬಿಗಿಯಲು ಎತ್ತಿಕೊಂಡೆವು. ಎಣ್ಣೆಗೈಯಲ್ಲಿ ಯಾರೋ ಮುಟ್ಟಿ ಗುರುತು ಅಳಿಸಿಹೋಗಿತ್ತು. ಯಾರು ಎಂಬುದು ಇಂದಿಗೂ ಇತ್ಯರ್ಥವಾಗದ ವ್ಯಾಜ್ಯ. "ಈ ಕಡೆ ಇತ್ತು" ಎಂದರು ದೊಡ್ಡಪ್ಪ. "ಹೌದು, ಈ ಕಡೆನೇ" ಎಂದರು ಪಕ್ಕದ ತೋಟದವರು. ಇಬ್ಬರೂ ಒಪ್ಪಿದ್ದೇ ಅಪರೂಪವಾದ್ದರಿಂದ ದಿಕ್ಸೂಚಿ ಮತ್ತೆ ಇಟ್ಟು ನೋಡದೆ ನಾನೂ ತಲೆಯಾಡಿಸಿ ಹಾಗೇ ಬಿಗಿದೆ.

ಎಲ್ಲರೂ ಹಿಂದೆ ಸರಿದರು. ಗಿಡಕ್ಕೆ ಮದ್ದು ಹೊಡೆಯುವಾಗ ಹಾಕುವ ಕನ್ನಡಕ ಕಣ್ಣಿಗೇರಿಸಿ ಸ್ವಿಚ್ಚು ಒತ್ತಿದೆ, ಬಿಟ್ಟೆ. ದಪ್ ಎಂಬ ಸದ್ದು. ಕಂಬಗಳು ನಡುಗಿ ಮೋಟಾರನ್ನು ಕಚ್ಚಿ ಹಿಡಿದವು. ತಂತಿಗೆ ಲೇಪಿಸಿದ ಅರಗು ಬಿಸಿಯಾದ ವಾಸನೆ. ಇನ್ನೊಮ್ಮೆ, ಮತ್ತೊಮ್ಮೆ. ಮೋಟಾರು ಬಿಡಿಸಿ ದೊಡ್ಡಪ್ಪ ದಬ್ಬಳವನ್ನು ಹತ್ತಿರ ಹಿಡಿದರು. ದಬ್ಬಳ ಅವರ ಬೆರಳಿನಿಂದ ಹಾರಿಹೋಗಿ ಟಪ್ ಎಂದು ಕೂತಿತು. ದೊಡ್ಡಪ್ಪ ದಬ್ಬಳ ಕಿತ್ತು ಮತ್ತೆ ಹಿಡಿದರು, ಮತ್ತೆ ಹಾರಿತು.

ಮೈ ಜೋಡಿಸಿ, ಸುಬ್ರಹ್ಮಣ್ಯ ರಸ್ತೆಯಲ್ಲಿ ಎಂಜಿನ್ ನಿಲ್ಲಿಸಿ, ಹಿಂದೆ ನಾಲ್ಕೂ ಬೋಗಿ ಕಟ್ಟಿದೆವು. ದೊಡ್ಡಪ್ಪ ಕಂಟ್ರೋಲ್ ಡಬ್ಬದ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಎಂಜಿನ್ ಘಾಟಿಯ ಕಡೆ ಹೋಗಲಿಲ್ಲ. ತನ್ನ ನಾಲ್ಕು ಬೋಗಿಗಳನ್ನು ಹಿಂದಕ್ಕೆ ನೂಕಿಕೊಂಡು ನುಗ್ಗಿ ಬಾಗಿಲ ಚೌಕಟ್ಟಿಗೆ ಗುದ್ದಿಸಿತು. ಕೊನೆಯ ಬೋಗಿ ಹೊಸ್ತಿಲಾಚೆ ಬಿದ್ದಿತು.

"ಮಂಗ್ಳೂರಿಗೆ ಹೋಗ್ಬುಟ್ತು ಕಣೋ ನಿನ್ ರೈಲು!" ಪಕ್ಕದ ತೋಟದವರು ಹೊಟ್ಟೆ ಹಿಡಿದುಕೊಂಡು ಗೋಣಿ ಮೇಲೆ ಕೂತುಬಿಟ್ಟರು. "ಸಮುದ್ರ ನೋಡಕ್ಕೆ ಹೋಯ್ತು!"

ದೊಡ್ಡಪ್ಪನ ಮುಖ ಇಳಿಯಿತು. "ಕೆಟ್ಟೋಯ್ತಲ್ಲೇ" ಎಂದರು, ಬಹಳ ಮೆತ್ತಗೆ.

ನನಗೆ ಮಾತ್ರ ಅಂಥ ಖುಷಿ ಎಂದೂ ಆಗಿರಲಿಲ್ಲ. ವೈರುಗಳನ್ನು ನೋಡಿದೆ, ಮೊದಲಿದ್ದಂತೆಯೇ ಇದ್ದವು. ಅಂದರೆ ತಿರುಗಿ ಕೂತದ್ದು ಕಾಂತ. ಅದರ ಉತ್ತರ ದಕ್ಷಿಣವಾಗಿದೆ, ದಕ್ಷಿಣ ಉತ್ತರವಾಗಿದೆ. ಎಂಜಿನ್ ಸರಿಯಾದ ದಿಕ್ಕಿನಲ್ಲೇ ಹೋಗಿದ್ದರೆ ನನ್ನೊಳಗಿನ ಅನುಮಾನದ ಹುಳ ಸಾಯುತ್ತಿರಲಿಲ್ಲ. ಏನೋ ಕಸ ಉದುರಿ ಹೋಗಿರಬೇಕು, ಬ್ರಷ್ಷು ಚೆನ್ನಾಗಿ ಕೂತಿರಬೇಕು, ಹೇಗೋ ಸರಿಯಾಯಿತು ಎನ್ನಬಹುದಿತ್ತು. ಕಸ ಉದುರಿದ ಎಂಜಿನ್ ಹಿಂದಕ್ಕೆ ಓಡುವುದಿಲ್ಲ. ನಮ್ಮ ತಪ್ಪೇ ನಮ್ಮ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಗುರಿ ತಪ್ಪಿದ್ದರಿಂದಲೇ ಒಂದು ಮಾತು ಇಷ್ಟು ಗಟ್ಟಿಯಾಗಿ ರುಜುವಾತಾದದ್ದನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ. ಇದನ್ನೆಲ್ಲ ಉಸಿರು ಬಿಡದೆ ವಿವರಿಸಿದೆ.

"ಅದೆಲ್ಲ ಇರ್ಲಿ" ಎಂದರು ದೊಡ್ಡಪ್ಪ. "ಹತ್ತತೈತಾ?"

ಎರಡು ವೈರು ಅದಲುಬದಲು ಮಾಡಿದರೆ ದಿಕ್ಕು ಸರಿಹೋಗುತ್ತದೆ. ಮಾಡಿದೆ. ದೊಡ್ಡಮ್ಮ ಹೊಸ್ತಿಲಾಚೆಯ ಬೋಗಿಯನ್ನು ಸೆರಗಿನಲ್ಲಿ ಒರೆಸಿ ತಂದು ಕೊಂಡಿ ಸಿಕ್ಕಿಸಿದರು. ದೊಡ್ಡಪ್ಪ ಗುಂಡಿ ತಿರುಗಿಸಿದರು. ಎಂಜಿನ್ ಹೊರಟಿತು. ಮೊದಲಿನ ಹಾಗೆ ಕಿತ್ತುಕೊಂಡು ಓಡಲಿಲ್ಲ, ನಿಧಾನವಾಗಿ, ಕಾಲೂರಿ ನಡೆದಂತೆ. ಮೊದಲ ಸುರಂಗ ಹೊಕ್ಕು ಹೊರಬಂತು. ಯಡಕುಮರಿ ತಿರುವು. ಅಲ್ಲಿ ಸದ್ದು ಸ್ವಲ್ಪ ದಪ್ಪವಾಯಿತು. ದೊಡ್ಡಪ್ಪನ ಬೆರಳು ಗುಂಡಿಯ ಮೇಲಿತ್ತು, ತಿರುಗಿಸಲಿಲ್ಲ. ಹೆಚ್ಚು ಕರೆಂಟು ಕೊಟ್ಟು ಹತ್ತಿಸಿದರೆ ಅದು ಹತ್ತಿದಂತಲ್ಲ ಎಂಬುದು ಅವರ ಲೆಕ್ಕ ಇರಬೇಕು. ಪಕ್ಕದ ತೋಟದವರು ನಗು ನಿಲ್ಲಿಸಿ ಮೊಣಕಾಲ ಮೇಲೆ ಎದ್ದು ನಿಂತಿದ್ದರು. ಎಂಜಿನ್ ತಿರುವು ಕಳೆಯಿತು. ಒಂದು, ಎರಡು, ಮೂರನೆಯ ಬೋಗಿ ತಿರುವು ದಾಟಿದವು. ಕೊನೆಯದೂ ಬಂತು. ಮೇಲಿನ ಮೂಲೆಯಲ್ಲಿ ಸಕಲೇಶಪುರ ಎಂದು ದೊಡ್ಡಪ್ಪನ ಕೈಬರಹದಲ್ಲಿದ್ದ ಹಲಗೆಯ ಮುಂದೆ ಅದು ನಿಂತಾಗ ಎಂಜಿನ್ನಿನ ಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ.

"ಬಡಗೀಗೆ ಫೋನ್ ಮಾಡು" ಎಂದರು ದೊಡ್ಡಮ್ಮ. "ತಟ್ಟೆ ಹೊಸಾ ಹಲಗೇಲೇ ಆಗ್ಲಿ."

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ, ಏಕೆಂದರೆ ಆ ವಾರದಲ್ಲೇ ಆಯುಧಪೂಜೆ.

ಹಬ್ಬದ ದಿನ ಬೆಳಿಗ್ಗೆ ನಾನು ಸ್ಟೋರಿಗೆ ಹೋದಾಗ ಕಸಿಗತ್ತಿ, ಗುದ್ದಲಿ, ಪಲ್ಪರ್ ಎಲ್ಲ ತೊಳೆದು ಸಾಲಾಗಿದ್ದವು. ದೊಡ್ಡಪ್ಪ ಬಾಳೆ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎಲೆಯ ಮೇಲೆ ಎಂಜಿನ್. ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಅದರ ತುದಿ ಮೋಟಾರಿನ ಮೊದಲ ಸ್ಕ್ರೂವಿನ ಮೇಲೇ ಇತ್ತು, ತಿರುಗಿರಲಿಲ್ಲ. ನಾನು ಬಂದದ್ದು ಗೊತ್ತಾಗಿಯೂ ಅವರು ತಲೆ ಎತ್ತಲಿಲ್ಲ.

"ಒಳಗೆ ಜಿಡ್ಡು ಐತೆ ಕಣೇ" ಎಂದರು. "ಅರಗಿನ ಕರಿ ಕೂತೈತೆ. ಇಷ್ಟು ದಿನ ನಿಂತೋಗಿದ್ದು ಮತ್ತೆ ಎದ್ದು ನಡೆದೈತೆ, ಅದನ್ನ ಹಿಂಗೆ ಕೊಳೆ ಇಟ್ಕೊಂಡು ದೇವರ ಮುಂದೆ ಇಡೋದಾ? ಬೇರೆ ಯಾವ ವರ್ಷ ಆಗಿದ್ರೂ ಆಯ್ತು. ಈ ವರ್ಷನಾ?"

ಬಿಚ್ಚಿದರೆ ಬಲ ಮತ್ತೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಹೇಳಿದ್ದೆ, ಅವರು ಒಪ್ಪಿದ್ದರು. ಬಿಚ್ಚಿದರೆ ಮತ್ತೆ ತುಂಬಬಹುದಲ್ಲ, ಯಂತ್ರ ಇದೆಯಲ್ಲ ಎಂದೂ ಅವರು ಯೋಚಿಸಿರಬೇಕು. ಆದರೆ ಆ ಯಂತ್ರದ ತಂತಿ ಎರಡನೆಯ ಸುತ್ತಿನ ಕೆಲಸಕ್ಕೆ ತಡೆಯುವುದೇ ಎಂದು ನನಗೆ ಅನುಮಾನವಿತ್ತು. ಅದರ ಮೇಲಿನ ಅರಗು ಅಲ್ಲಲ್ಲಿ ಕಪ್ಪಾಗಿತ್ತು. ಆ ಸ್ಕ್ರೂ ತಿರುಗಿದರೆ ರೈಲು ಮತ್ತೆ ಯಡಕುಮರಿಯಲ್ಲಿ ಕೂರುತ್ತಿತ್ತು.

ದೇವರಿಲ್ಲ ಎಂದು ವಾದಿಸಲು ನನ್ನ ಬಳಿ ಎಂದಿಗೂ ಒಂದು ಗಂಟೆಯ ಸರಕು ಸಿದ್ಧವಿರುತ್ತದೆ. ಅದರಲ್ಲಿ ಒಂದು ವಾಕ್ಯವೂ ಆ ಸ್ಕ್ರೂಡ್ರೈವರನ್ನು ಕೆಳಗಿಡಿಸುತ್ತಿರಲಿಲ್ಲ. ನಾನು ಎದುರಿಗೆ ಕೂತೆ.

"ಒಳಗೆ ಕೊಳೆ ಇದೆ ಅಂತ ದೇವರಿಗೆ ಗೊತ್ತಾಗುತ್ತಾ?" ಎಂದೆ.

"ಗೊತ್ತಾಗದೆ?"

"ಹಾಗಾದರೆ ಯಾಕೆ ಬಿಚ್ಚಲಿಲ್ಲ ಅನ್ನೋದೂ ಗೊತ್ತಾಗುತ್ತೆ."

ದೊಡ್ಡಪ್ಪ ಆಗ ತಲೆ ಎತ್ತಿದರು. ಎದುರಾಳಿಯ ನಂಬಿಕೆಯನ್ನೇ ಎತ್ತಿಕೊಂಡು ಅದರ ಮೇಲೆ ನಿಂತು ಮಾತಾಡುವುದು ಚರ್ಚೆಯಲ್ಲಿ ಒಪ್ಪಿತವಾದ ವರಸೆ. ನಾನು ನೂರು ಸಲ ಬಳಸಿದ್ದೇನೆ, ಒಮ್ಮೆಯೂ ಅಳುಕಿಲ್ಲ. ಅಂದು ಅಳುಕಾಯಿತು. ನಾನು ನಂಬದ ಒಂದು ಮಾತನ್ನು ಅವರು ಪೂರ್ತಿಯಾಗಿ ನಂಬಿದ್ದರು. ಇದು ಮೋಸವೇ? ಬಹಳ ಸಲ ಯೋಚಿಸಿದ್ದೇನೆ. ನಾನು ಸುಳ್ಳು ಹೇಳಲಿಲ್ಲ. ಅವರ ದೇವರು ಅವರು ಹೇಳುವಂಥವನೇ ಆಗಿದ್ದರೆ ನನ್ನ ಮಾತು ನಿಜ. ಹಾಗಿಲ್ಲದಿದ್ದರೆ ಕೊಳೆ ಯಾರಿಗೂ ತೊಂದರೆಯಲ್ಲ. ಎರಡು ಕಡೆಯಿಂದಲೂ ಸ್ಕ್ರೂಡ್ರೈವರ್ ಕೆಳಗಿ‌ಡಬೇಕು. ತರ್ಕ ಸರಿಯಾಗಿದೆ. ಆದರೂ ಅದು ತರ್ಕ ಎಂದು ನಾನು ಹೇಳಿಕೊಂಡೆನೇ ಹೊರತು, ಆ ಕ್ಷಣಕ್ಕೆ ಅದು ಬರೀ ಬೇಡಿಕೆಯಾಗಿತ್ತು.

ದೊಡ್ಡಮ್ಮ ಹೂವಿನ ತಟ್ಟೆ ಹಿಡಿದು ಬಂದವರು ಇಬ್ಬರನ್ನೂ ನೋಡಿ, "ಹಸಾನೂ ಪೂಜೆ ಮಾಡ್ತೀಯ. ಅದನ್ನ ಬಿಚ್ಚಿ ತೊಳೀತೀಯೇನು? ಏಳು, ಹೊತ್ತಾಯ್ತು" ಎಂದರು.

ದೊಡ್ಡಪ್ಪ ಸ್ಕ್ರೂಡ್ರೈವರನ್ನು ಗುದ್ದಲಿಯ ಪಕ್ಕ, ಪೂಜೆಗೆ ಇಟ್ಟ ಸಾಲಿನಲ್ಲೇ ಇಟ್ಟರು. ಎಂಜಿನ್ನಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಕಪ್ಪು ಬಾಯ್ಲರಿನ ಮೇಲೆ ಬೆರಳು ಎಳೆದು ವಿಭೂತಿ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು.

"ನಿನ್ನ ಕಾಂತದ ಯಂತ್ರಾನೂ ಇಡೋದಾ? ಅದೂ ಕಬ್ಬಿಣಾನೇ."

"ನಿಮ್ಮಿಷ್ಟ."

"ನಿನ್ನಿಷ್ಟ ಕೇಳ್ದೆ."

ಉತ್ತರಕ್ಕೆ ಮೊದಲೇ ಹೊರಗಿನಿಂದ ಪಕ್ಕದ ತೋಟದವರ ಕೂಗು ಕೇಳಿತು: "ಪೂಜೆ ಆಯ್ತೇನ್ರೋ? ಸಕಲೇಶ್ಪುರಕ್ಕೆ ಟಿಕೇಟು ತಗೊಂಡು ನಾಲ್ಕು ಜನ ನಿಂತವ್ರೆ ಇಲ್ಲಿ, ಬೇಗ ಬಾಗ್ಲು ತೆಗೀರಿ!"

ದೊಡ್ಡಪ್ಪ ಎಂಜಿನ್ನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಎದ್ದರು. ಅದನ್ನು ಕೆಳಗಿನ ನಿಲ್ದಾಣದ ಹಳಿಗೆ ಕೂರಿಸುವಾಗ ಅವರ ಹೆಬ್ಬೆರಳಿನ ವಿಭೂತಿ ಚಕ್ರಕ್ಕೂ ಅಂಟಿತು. ಅದು ಹಳಿಯ ಮೇಲೆ ಕರೆಂಟಿಗೆ ಅಡ್ಡಿಯಾಗುತ್ತದೆ, ಒರೆಸಿ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಪಂಚೆಯ ತುದಿಯಿಂದ ಚಕ್ರವನ್ನು ಒರೆಸತೊಡಗಿದ್ದರು. ನಾನು ಹೋಗಿ ಬಾಗಿಲು ತೆಗೆದೆ.